ನಲ್ಲಿ ಸೋರಿದ್ರೆ ಮನೆ ಖಾಲಿ ಮಾಡ್ಬೇಕಾ?

ತಿಪಟೂರಿಂದ ಬೆಂಗಳೂರಿಗೆ ಬರೋ ರೈಲಲ್ಲಿ ಕೂತು ಬರೀತಿದೀನಿ. ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಚೀಲದಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ ಇದೆ, ಆದ್ರೂ ಸಿಟ್ಟು ಇಳೀತಿಲ್ಲ. ಸಿಟ್ಟು ಯಾರ ಮೇಲೆ ಅಂದ್ರೆ, ಲಿನಕ್ಸಲ್ಲಿ (ವಿಂಡೋಸ್ ಬದಲು ಹಾಕ್ಕೊಳ್ಳೋ ಪುಕ್ಕಟೆ ವ್ಯವಸ್ಥೆ) ಏನೇ ಕೆಟ್ಟರೂ “ಡಿಸ್ಟ್ರೋ ಬದಲಿಸಿ” ಅನ್ನೋರ ಮೇಲೆ. ಲಿನಕ್ಸಿನ ಬೇರೆ ಬೇರೆ ಅವತಾರಗಳಿಗೆ ಡಿಸ್ಟ್ರೋ ಅಂತಾರೆ. ಉದ್ದ ಆಗತ್ತೆ, ಪುರುಸೊತ್ತಿದ್ದೋರು ಓದಿ.

ಎಲ್ಲಾ ಶುರುವಾಗಿದ್ದು ತಿಪಟೂರಲ್ಲಿರೋ ಚಿಕ್ಕಪ್ಪನ ಲ್ಯಾಪ್‌ಟಾಪಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತಲ್ಲ, ಅವರ ಲ್ಯಾಪ್‌ಟಾಪಿನ ಪ್ರೊಸೆಸರ್ ಹಳೇದು ಅಂತ ವಿಂಡೋಸ್ 11 ಒಳಗೇ ಬಿಟ್ಟುಕೊಳ್ಳಲಿಲ್ಲ. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ, ಇಂಥದ್ದನ್ನ ಗುಜರಿಗೆ ಹಾಕು ಅಂದ್ರೆ ಚಿಕ್ಕಪ್ಪನಂಥ ಮನುಷ್ಯ ಕೇಳ್ತಾರಾ? ಹರಿದ ಗೋಣಿಚೀಲಾನೂ ಮಡಚಿಡೋ ಜಾತಿ ಅದು. ದೀಪಾವಳಿಗೆ ಹೋದಾಗ ನಾನೇ ಲಿನಕ್ಸ್ ಮಿಂಟ್ ಅನ್ನೋ ಡಿಸ್ಟ್ರೋ ಹಾಕಿಕೊಟ್ಟೆ. ಅವರು ಅದಕ್ಕೆ ಇಟ್ಟ ಹೆಸರು ‘ಪುದೀನ’. ಕೊಬ್ಬರಿ ರೇಟು ನೋಡೋಕೆ, ಪೇಪರ್ ಓದೋಕೆ, ಮೊಮ್ಮಗಳ ಜೊತೆ ವಿಡಿಯೋದಲ್ಲಿ ಮಾತಾಡೋಕೆ ಪುದೀನ ಧಾರಾಳ ಸಾಕು.

ಒಂದೇ ಕೊರತೆ ಅಂದ್ರೆ ವೈಫೈ. ಅದರಲ್ಲಿರೋ ಚಿಪ್ಪಿಗೆ ಡ್ರೈವರ್ (ಚಿಪ್ಪನ್ನ ನಡೆಸೋ ಸಾಫ್ಟ್‌ವೇರ್) ಬೇರೆಯಾಗಿ ಹಾಕ್ಬೇಕು. ನಾನು ರೈಲಿಗೆ ಹೊತ್ತಾಯ್ತು ಅಂತ ಮೊಬೈಲನ್ನ ಕೇಬಲ್ಲಲ್ಲಿ ಸಿಕ್ಕಿಸಿ ಇಂಟರ್ನೆಟ್ ಬರೋ ಹಾಗೆ ಮಾಡಿ, “ಉಳಿದಿದ್ದು ಫೋನಲ್ಲಿ ಹೇಳ್ತೀನಿ” ಅಂತ ಓಡಿಬಂದೆ. ತಪ್ಪು ಅಲ್ಲೇ ಶುರುವಾಗಿದ್ದು, ಒಪ್ಕೋತೀನಿ.

ಫೋನಲ್ಲಿ ಟರ್ಮಿನಲ್ (ಆಜ್ಞೆ ಟೈಪ್ ಮಾಡೋ ಕಿಟಕಿ) ಆಜ್ಞೆ ಹೇಳಿಕೊಟ್ಟ ಅನುಭವ ನಿಮಗಿದ್ಯಾ? “ಎಸ್ ಯು ಡಿ ಓ ಒತ್ತಿ ಚಿಕ್ಕಪ್ಪ, ಆಮೇಲೆ ಒಂದು ಜಾಗ ಬಿಡಿ.” “ಎಷ್ಟು ಜಾಗ ಪುಟ್ಟಿ?” ಅರ್ಧ ಗಂಟೆ ಹಿಡೀತು. ಕೊನೆಗೆ ಏನೋ ಪಾಸ್‌ವರ್ಡ್ ಕೇಳ್ತಿದೆ ಅಂದ್ರು. ಹಾಕಿ, ಬರೆದಿಟ್ಕೊಳ್ಳಿ, ಆಫ್ ಮಾಡಿ ಆನ್ ಮಾಡಿ ಅಂದೆ. ಮಾಡಿದ್ರು. ವೈಫೈ ಬರಲಿಲ್ಲ.

ನಾನು ಇನ್ನೊಂದು ಸಲ ಫೋನ್ ಮಾಡೋಷ್ಟರಲ್ಲಿ ಊರ ತುಂಬ ಸುದ್ದಿ. ಪಕ್ಕದ ಮನೆ ಇಂಜಿನಿಯರಿಂಗ್ ಹುಡುಗ ಬಂದು ನೋಡಿದಾನೆ. ಮುಟ್ಟಿ ನೋಡಿಲ್ಲ, ಬರೀ ನೋಡಿದಾನೆ. ತೀರ್ಪು: “ಅಂಕಲ್, ಮಿಂಟ್ ಸರಿಯಿಲ್ಲ, ಆರ್ಚ್ ಹಾಕ್ಬಿಡೋಣ.” ಆರ್ಚ್ ಅಂದ್ರೆ ಇನ್ನೊಂದು ಡಿಸ್ಟ್ರೋ. ನಾನು ಒಂದು ವಾಟ್ಸಾಪ್ ಗುಂಪಲ್ಲಿ ಕೇಳಿದೆ. ಅಲ್ಲೂ ಅದೇ ಭಜನೆ. ಒಬ್ರು ಫೆಡೋರಾ ಅಂದ್ರು. ಒಬ್ರು ಡೆಬಿಯನ್ ಒಂದೇ ಶುದ್ಧ, ಮಿಕ್ಕಿದ್ದೆಲ್ಲ ಕಲಬೆರಕೆ ಅಂದ್ರು. ಇನ್ನೊಬ್ಬ ಮಹಾನುಭಾವರು “ಸಿಸ್ಟರ್, ಕಲಿಯೋರಿಗೆ ಅಂತಾನೇ ಸುಲಭದ ಡಿಸ್ಟ್ರೋಗಳಿವೆ” ಅಂತ ಒಂದು ಪಟ್ಟಿ ಹಾಕಿದ್ರು. ಉಬುಂಟು ಸಿಡಿ ಪೋಸ್ಟಲ್ಲಿ ಪುಕ್ಕಟೆ ಬರ್ತಿದ್ದ ಕಾಲದಿಂದ ಇದನ್ನೇ ಬಳಸ್ತಾ, ಇದರಲ್ಲೇ ಪುಸ್ತಕದ ಪುಟ ಕಟ್ಟಿ ಅನ್ನ ತಿಂತಿರೋಳು ನಾನು. ಇರ್ಲಿ ಬಿಡಿ ಸಿಸ್ಟರೇ ಆಗ್ತೀನಿ.

ನನ್ನ ಹೊಟ್ಟೆ ಉರಿದಿದ್ದು ಅದಕ್ಕಲ್ಲ. ಅಷ್ಟು ಜನದಲ್ಲಿ ಒಬ್ರಾದ್ರೂ, ಒಬ್ಬೇ ಒಬ್ರು, “ವೈಫೈ ಚಿಪ್ ಯಾವುದು?” ಅಂತ ಕೇಳಲಿಲ್ಲ.

ಬಾಡಿಗೆ ಮನೇಲಿ ನಲ್ಲಿ ಸೋರ್ತಿದೆ ಅಂತೀರಿ. ವಾಷರ್ ಹೋಗಿದ್ಯಾ ಅಂತ ನೋಡದೆ “ಆ ಏರಿಯಾನೇ ಸರಿಯಿಲ್ಲ, ಜಯನಗರಕ್ಕೆ ಬನ್ನಿ” ಅಂದ್ರೆ ಹೇಗಿರತ್ತೆ? ಅಥವಾ ವ್ಯಾಪಾರ ಕುಸೀತಿದೆ ಅಂದ್ರೆ ಲೆಕ್ಕದ ಪುಸ್ತಕ ತೆಗೀದೆ, ಬಾಗಿಲು ಒಡೆದು ಈಶಾನ್ಯಕ್ಕೆ ಇಡಿಸಿ ಅನ್ನೋ ವಾಸ್ತು ಪಂಡಿತರು. ಈ ಡಿಸ್ಟ್ರೋ ಪಂಡಿತರೂ ಅವರೇ. ಜನಿವಾರದ ಬದಲು ಟೀಶರ್ಟ್, ಅಷ್ಟೇ.

ಸ್ವಲ್ಪ ಯೋಚಿಸಿ. ಡಿಸ್ಟ್ರೋ ಅಂದ್ರೆ ಏನು? ಒಳಗಿರೋ ಕರ್ನೆಲ್, ಅಂದ್ರೆ ಯಂತ್ರ ನಡೆಸೋ ತಿರುಳು, ಎಲ್ಲರದ್ದೂ ಲಿನಕ್ಸೇ. ಡೆಸ್ಕ್‌ಟಾಪಲ್ಲಿ ವೈಫೈ ಹುಡುಕೋದು ಹೆಚ್ಚಿನ ಕಡೆ ಅದೇ ನೆಟ್‌ವರ್ಕ್ ಮ್ಯಾನೇಜರ್, ಪ್ರಿಂಟ್ ಕಳಿಸೋದು ಅದೇ ಕಪ್ಸ್, ಅದೇ ಫೈರ್‌ಫಾಕ್ಸ್, ಅದೇ ಲಿಬ್ರೆಆಫೀಸ್. 1993ರಲ್ಲಿ ಶುರುವಾದ ಡೆಬಿಯನ್ನಿಂದ 2004ರಲ್ಲಿ ಉಬುಂಟು ಬಂತು, ಉಬುಂಟುವಿಂದ 2006ರಲ್ಲಿ ಮಿಂಟ್ ಬಂತು. ಅಜ್ಜಿ, ಮಗಳು, ಮೊಮ್ಮಗಳು. ವ್ಯತ್ಯಾಸ ಇರೋದು ಯಾವ ಆವೃತ್ತಿಯ ಸಾಮಾನು ಯಾವಾಗ ತಲುಪತ್ತೆ, ಎಷ್ಟು ವರ್ಷ ತೇಪೆ (ಅಪ್‌ಡೇಟು) ಹಾಕಿಕೊಡ್ತಾರೆ, ಯಾವ ಆಜ್ಞೆ ಹೊಡೆದು ತರಿಸ್ಕೋಬೇಕು, ಮೊದಲ ದಿನ ಪರದೆ ಹೇಗೆ ಕಾಣತ್ತೆ ಅನ್ನೋದ್ರಲ್ಲಿ. ಮೊಮ್ಮಗಳಿಗೆ ಬಂದ ಜ್ವರಕ್ಕೆ ಅಜ್ಜೀನ ಕರ್ಕೊಂಬಂದು ಮಲಗಿಸಿದ್ರೆ ಆಯ್ತಾ?

ಇವತ್ತು ಬೆಳಗ್ಗೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ಎಲ್‌ಎಸ್‌ಪಿಸಿಐ ಅಂತ ಒಂದು ಆಜ್ಞೆ, ಜೊತೆಗೆ ಡ್ಯಾಶ್ ಕೆ. ಯಂತ್ರದೊಳಗೆ ಏನೇನಿದೆ, ಯಾವುದಕ್ಕೆ ಯಾವ ಡ್ರೈವರ್ ಓಡ್ತಿದೆ ಅಂತ ಸಾಲಾಗಿ ಹೇಳತ್ತೆ. ವೈಫೈ ಕಾರ್ಡ್ ಇದೆ, ಡ್ರೈವರ್ ಓಡ್ತಿಲ್ಲ. ಡ್ರೈವರ್ ಡಿಸ್ಕಲ್ಲಿ ಇದ್ಯಾ ನೋಡಿದೆ, ಇದೆ. ಮಾಡ್‌ಪ್ರೋಬ್ ಹೊಡೆದು ಕೈಯಾರೆ ಒಳಗೆ ಕಳಿಸೋಕೆ ಹೋದ್ರೆ “ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್” ಅಂತು. ಆ ಒಂದು ಸಾಲು ಸಾಕಾಯ್ತು. ಸೆಕ್ಯೂರ್ ಬೂಟ್.

ಗೊತ್ತಿಲ್ಲದೋರಿಗೆ: ಸೆಕ್ಯೂರ್ ಬೂಟ್ ಆನ್ ಇದ್ದಾಗ ಮೊಹರು ಇಲ್ಲದ ಡ್ರೈವರನ್ನ ಕರ್ನೆಲ್ ಒಳಗೆ ಬಿಡಲ್ಲ. ಹೊರಗಿಂದ ಹಾಕೋ ಡ್ರೈವರಿಗೆ ನಮ್ಮ ಯಂತ್ರದಲ್ಲೇ ಮೊಹರು ಒತ್ತಿ, “ಈ ಮೊಹರು ನಂದೇ, ನಂಬಬಹುದು” ಅಂತ ಯಂತ್ರಕ್ಕೆ ಒಂದು ಸಲ ಒಪ್ಪಿಸ್ಬೇಕು. ಆ ಪಾಸ್‌ವರ್ಡ್ ಕೇಳಿದ್ದು ಇದಕ್ಕೇ. ಮರುಸಲ ಆನ್ ಆಗುವಾಗ ಒಂದು ನೀಲಿ ಪರದೆ ಬರತ್ತೆ, ಹತ್ತು ಸೆಕೆಂಡ್ ಕಾಯತ್ತೆ. ಅಷ್ಟರೊಳಗೆ ಯಾವುದಾದ್ರೂ ಕೀ ಒತ್ತಿ, ಎನ್‌ರೋಲ್ ಮೋಕ್ (ಮೊಹರು ನೋಂದಾಯಿಸು) ಆರಿಸಿ, ಅದೇ ಪಾಸ್‌ವರ್ಡ್ ಹಾಕ್ಬೇಕು. ಇಲ್ಲ ಅಂದ್ರೆ ಸುಮ್ಮನೆ ಮುಂದೆ ಹೋಗ್ಬಿಡತ್ತೆ.

“ಚಿಕ್ಕಪ್ಪ, ಅವತ್ತು ನೀಲಿ ಬಣ್ಣದ ಪರದೆ ಏನಾದ್ರೂ ಬಂದಿತ್ತಾ?”

“ಬಂದಿತ್ತಮ್ಮ. ನೀಲಿ ಬಂದ್ರೆ ಕೆಟ್ಟಿತು ಅಂತ ವಿಂಡೋಸಿನಲ್ಲೇ ಗೊತ್ತಿತ್ತಲ್ಲ. ಮುಟ್ಟೋದೇ ಬೇಡ ಅಂತ ಕೈ ಕಟ್ಟಿ ಕೂತೆ. ತಾನೇ ಹೋಯ್ತು.”

ತಪ್ಪು ನಂದು. ನೀಲಿ ಪರದೆ ಬರತ್ತೆ ಅಂತ ನಾನು ಹೇಳಿರಲಿಲ್ಲ. ಮೋಕ್‌ಯುಟಿಲ್ ಅನ್ನೋ ಆಜ್ಞೆ ಬಳಸಿ ಮೊಹರು ಒಪ್ಪಿಸೋ ಕೋರಿಕೆ ಮತ್ತೆ ಹಾಕಿದೆ, ರೀಬೂಟ್ ಮಾಡಿದೆ, ಚಿಕ್ಕಪ್ಪನ ಕೈಲೇ ಪಾಸ್‌ವರ್ಡ್ ಹಾಕಿಸಿದೆ. ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ರು ಪಾಪ. ವೈಫೈ ಬಂತು. ಒಲೆ ಮೇಲಿಟ್ಟ ಕಾಫಿ ಇನ್ನೂ ಉಕ್ಕಿರಲಿಲ್ಲ.

ಈಗ ನನ್ನ ನಿಜವಾದ ತಕರಾರು ಕೇಳಿ. ಆ ಹುಡುಗ ಆರ್ಚ್ ಹಾಕಿದ್ರೆ ಏನಾಗ್ತಿತ್ತು? ಆರ್ಚಿನ ಅಧಿಕೃತ ಐಎಸ್‌ಒ, ಅಂದ್ರೆ ಇನ್‌ಸ್ಟಾಲ್ ಮಾಡೋ ಡಿಸ್ಕಿನ ಫೈಲು, ಸೆಕ್ಯೂರ್ ಬೂಟ್ ಆನ್ ಇದ್ರೆ ಬೂಟೇ ಆಗಲ್ಲ. ಹಾಗಾಗಿ ಮೊದಲು ಬಯಾಸಿಗೆ (ಯಂತ್ರ ಆನ್ ಆಗುವಾಗಿನ ಮೂಲ ಸೆಟ್ಟಿಂಗು) ಹೋಗಿ ಅದನ್ನ ಆಫ್ ಮಾಡ್ತಿದ್ದ. ಆಮೇಲೆ ಡ್ರೈವರ್ ಹಾಕ್ತಿದ್ದ. ಮೊಹರು ಕೇಳೋರೇ ಇಲ್ಲ, ವೈಫೈ ಬಂದೇ ಬರ್ತಿತ್ತು! “ನೋಡಿ ಅಂಕಲ್, ಆರ್ಚ್ ಹಾಕಿದ ತಕ್ಷಣ ಸರಿಹೋಯ್ತು.” ಚಿಕ್ಕಪ್ಪ ಬೀದಿ ತುಂಬ ಹೇಳ್ಕೊಂಡು ಬರ್ತಿದ್ರು, ಪುದೀನ ದಂಡ, ಆ ಹುಡುಗ ಬುದ್ಧಿವಂತ. ಕೆಲಸ ಮಾಡಿದ್ದು ಬಯಾಸಿನ ಒಂದು ಸ್ವಿಚ್ಚು, ಹಾರ ಬೀಳೋದು ಡಿಸ್ಟ್ರೋ ಕೊರಳಿಗೆ. ಜ್ವರ ತಾನೇ ಬಿಡೋ ದಿನ ತಾಯತ ಕಟ್ಟಿದೋನಿಗೆ ಕೋಳಿ ಸಿಕ್ಕ ಹಾಗೆ. ಆ ಹುಡುಗ ಮುಂದಿನ ಹತ್ತು ಮನೇಲೂ ಅದೇ ತಾಯತ ಕಟ್ತಾನೆ, ಪೂರ್ತಿ ನಂಬಿಕೆಯಿಂದ. ಸುಳ್ಳುಗಾರ ಅಲ್ಲ ಅವನು, ಅದೇ ತೊಂದರೆ.

ಇದನ್ನ ಇಷ್ಟು ಖಚಿತವಾಗಿ ಹೇಗೆ ಹೇಳ್ತೀನಿ ಅಂದ್ರೆ, ಆ ಹುಡುಗ ನಾನೇ ಆಗಿದ್ದೆ.

ಕೆಲವರಿಗೆ ನೆನಪಿರಬಹುದು, 2012ರ ಸುಮಾರಿಗೆ ನನ್ನ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಹೆಪ್ಪುಗಟ್ಟಿ ನಿಲ್ತಿತ್ತು. ಮೌಸ್ ಅಲ್ಲಾಡಲ್ಲ, ಏನೂ ಇಲ್ಲ. ಉಬುಂಟು ತೆಗೆದು ಫೆಡೋರಾ ಹಾಕಿದೆ. ಒಂದು ವಾರ ಚೆನ್ನಾಗಿತ್ತು, ಗೆಳತಿಯರಿಗೆಲ್ಲ ಫೆಡೋರಾ ಪ್ರವಚನ ಕೊಟ್ಟೆ. ಮತ್ತೆ ನಿಂತಿತು. ಓಪನ್‌ಸೂಸೆ ಹಾಕಿದೆ. ಹತ್ತು ದಿನ ಸ್ವರ್ಗ. ಆಮೇಲೆ ಡೆಬಿಯನ್. ಆಮೇಲೆ ರಾತ್ರಿ ಎರಡು ಗಂಟೆಗೆ ಕಣ್ಣು ಉಜ್ಜಿಕೊಂಡು ಆರ್ಚ್. ಮೂರು ತಿಂಗಳು ಹೀಗೇ. ಕೊನೆಗೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಲ್ಲಿ ಒಬ್ಬ ಹುಡುಗ, ಲಿನಕ್ಸ್ ಅನ್ನೋ ಹೆಸರೂ ಕೇಳಿರಲಿಲ್ಲ, ಡಬ್ಬ ಬಿಚ್ಚಿ ರ‍್ಯಾಮ್ ಕಿತ್ತು ಸ್ಕೂಲ್ ಮಕ್ಕಳ ರಬ್ಬರಲ್ಲಿ ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನ ಗಸಗಸ ಉಜ್ಜಿದ. ಸಿಕ್ಕಿಸಿದ. “ಐವತ್ತು ರೂಪಾಯಿ ಕೊಡಿ ಮೇಡಂ.” ಅವತ್ತಿಂದ ನಿಂತಿಲ್ಲ. ಆ ಮೂರು ತಿಂಗಳೂ ಹೆಚ್ಚಿನ ಸಿಡಿಗಳ ಬೂಟ್ ಮೆನುವಲ್ಲಿ ಮೆಮೊರಿ ಪರೀಕ್ಷೆ ಅನ್ನೋ ಸಾಲು ಬರ್ತಿತ್ತು. ಒಂದು ಸಲಾನೂ ಒತ್ತಿರಲಿಲ್ಲ. ಹೊಸ ವಾಲ್‌ಪೇಪರ್ ನೋಡೋ ಆತುರ ನನಗೆ.

ಅದಕ್ಕಿಂತ ನಾಚಿಕೆ ಇನ್ನೊಂದಿದೆ. ಅದೇ ದಿನಗಳಲ್ಲಿ ಒಬ್ಬ ಸಹೋದ್ಯೋಗಿ ಸ್ಪೀಕರಲ್ಲಿ ಸದ್ದು ಬರ್ತಿಲ್ಲ ಅಂತ ಕೇಳಿದ್ರು. “ಡಿಸ್ಟ್ರೋ ಬದಲಿಸಿ” ಅಂದಿದ್ದೆ, ಮುಖಾನೂ ನೋಡದೆ. ಅವರು ಮರುದಿನವೇ ವಿಂಡೋಸಿಗೆ ವಾಪಸ್ ಹೋದ್ರು. ಆಮೇಲೆ ಯಾವತ್ತೂ ನನ್ನ ಹತ್ರ ಏನೂ ಕೇಳಲಿಲ್ಲ. ಬಹುಶಃ ಸದ್ದು ಸ್ಪೀಕರ್ ಬದಲು ಎಚ್‌ಡಿಎಂಐ (ಮಾನಿಟರ್ ಕೇಬಲ್) ಕಡೆ ಹೋಗ್ತಿತ್ತು, ಒಂದು ಕ್ಲಿಕ್ಕಿನ ಕೆಲಸ.

“ಹಾಗಾದ್ರೆ ಡಿಸ್ಟ್ರೋ ಯಾವುದಾದ್ರೂ ಒಂದೇನಾ ಮೇಡಂ?” ಅಂತ ಬರ್ತಾರೆ ಈಗ, ಗೊತ್ತು. ಹೊಸ ಲ್ಯಾಪ್‌ಟಾಪ್ ತಂದೋರಿಗೆ ವ್ಯತ್ಯಾಸ ಆಗತ್ತೆ, ಒಪ್ಪಿದೆ. 2023ರ ಜೂನಲ್ಲಿ ಬಂದ ಡೆಬಿಯನ್ 12ರಲ್ಲಿ ಇದ್ದಿದ್ದು 6.1 ಕರ್ನೆಲ್, ಅದು ಹುಟ್ಟಿದ ಮೇಲೆ ಬಂದ ಚಿಪ್ಪಿನ ಪರಿಚಯ ಅದಕ್ಕೆ ಎಲ್ಲಿಂದ ಬರ್ಬೇಕು? ಫೆಡೋರಾದಲ್ಲಿ ಕರ್ನೆಲ್ ಬೇಗ ಬೇಗ ಬರತ್ತೆ. ಸರಿ. ಆದ್ರೆ ಅದೂ ಕರ್ನೆಲ್ ಮಾತೇ ಹೊರತು ಡಿಸ್ಟ್ರೋ ಮಾತಲ್ಲ. ಹಳೇ ಆವೃತ್ತಿಯಲ್ಲೂ ಹೊಸ ಕರ್ನೆಲ್ ತರಿಸ್ಕೊಳ್ಳೋಕೆ ಡೆಬಿಯನ್ನಿಗೆ ಬ್ಯಾಕ್‌ಪೋರ್ಟ್ಸ್ ಇದೆ, ಉಬುಂಟುವಿಗೆ ಎಚ್‌ಡಬ್ಲ್ಯುಇ ಕರ್ನೆಲ್ ಇದೆ. ಅದೊಂದನ್ನೇ ಬದಲಿಸಿ ನೋಡಬಹುದು. ಇಡೀ ಮನೆ ಸಾಮಾನು ಲಾರಿಗೆ ಹಾಕ್ಬೇಕಾಗಿಲ್ಲ. ಆರ್ಚ್ ಮೇಲೂ ನನಗೆ ದ್ವೇಷ ಇಲ್ಲ, ಆರ್ಚ್ ವಿಕಿಯಷ್ಟು ಚೆನ್ನಾಗಿ ಬರೆದಿರೋದು ಇನ್ನೊಂದಿಲ್ಲ. ನನ್ನ ಡೆಬಿಯನ್ ಕೆಟ್ಟಾಗಲೂ ನಾನು ಓದೋದು ಅದನ್ನೇ.

ನಾನು ಚಿಕ್ಕಪ್ಪನಿಗೆ ಮಿಂಟ್ ಯಾಕೆ ಹಾಕಿದೆ ಅಂದ್ರೆ, ಮಿಂಟ್ 22ರ ಸಾಲಿನ ಆವೃತ್ತಿಗಳಿಗೆ 2029ರವರೆಗೆ ತೇಪೆ ಬರತ್ತೆ. ಫೆಡೋರಾದ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಆಯಸ್ಸು, ವರ್ಷ ವರ್ಷ ಮೇಲಿನ ಆವೃತ್ತಿಗೆ ಹತ್ತಿಸೋಕೆ ತಿಪಟೂರಿಗೆ ಯಾರು ಹೋಗ್ತಾರೆ, ನೀವಾ? ಇನ್ನೊಂದು ಕಾರಣ ಇದೆ: ಮಿಂಟಿನ ಪರದೆ ನನಗೆ ಕಣ್ಮುಚ್ಚಿಕೊಂಡ್ರೂ ಕಾಣತ್ತೆ, ಫೋನಲ್ಲಿ “ಎಡಗಡೆ ಕೆಳಗೆ” ಅಂತ ಹೇಳಬಲ್ಲೆ. ನನ್ನ ಪ್ರಕಾರ ಮನೆಯ ಹಿರಿಯರಿಗೆ ಒಳ್ಳೇ ಡಿಸ್ಟ್ರೋ ಅಂದ್ರೆ ಫೋನ್ ಎತ್ತೋ ಸೊಸೆ, ಅಳಿಯ, ಮಗಳು ಬಳಸೋ ಡಿಸ್ಟ್ರೋ. ಆ ಹುಡುಗ ದಿನಾ ಬಂದು ನೋಡ್ಕೊಳ್ಳೋ ಹಾಗಿದ್ರೆ ಆರ್ಚೇ ಹಾಕ್ಲಿ, ನನ್ನದೇನೂ ಅಡ್ಡಿಯಿಲ್ಲ.

ಕನ್ನಡದ ಮಾತಂತೂ ಈ ಪಂಡಿತರು ಎತ್ತೋದೇ ಇಲ್ಲ. ನನ್ನ ಕೆಲಸಕ್ಕೆ ಬೇಕಾದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಎಫ್ ಒತ್ತಿದ್ರೆ ಅರ್ಧಾಕ್ಷರ ಬರೋದು. ಕೀಬೋರ್ಡ್ ಸೆಟ್ಟಿಂಗಲ್ಲಿ ‘ಕನ್ನಡ, ಕಗಪ’ ಅಂತ ಹುಡುಕಿದ್ರೆ ಡೆಬಿಯನ್ನಲ್ಲೂ ಇದೆ, ಫೆಡೋರಾದಲ್ಲೂ ಇದೆ, ಪುದೀನದಲ್ಲೂ ಇದೆ. ಗುಬ್ಬಿ, ನವಿಲು ಅಂತ ಮುದ್ದಾದ ಹೆಸರಿನ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಕೂತಿವೆ. ಹಾಗೇ, ಟರ್ಮಿನಲಲ್ಲಿ ಒತ್ತಕ್ಷರ ಅಕ್ಕಪಕ್ಕ ಚೆಲ್ಲಾಪಿಲ್ಲಿ ಆಗೋದೂ ನಾನು ನೋಡಿದ ಎಲ್ಲಾ ಡಿಸ್ಟ್ರೋದಲ್ಲೂ ಸಮಾನ. ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲ್ ತೆಗೆದಾಗ ಅಕ್ಷರದ ಬದಲು ಕಸ ಕಾಣೋದು ಅದು ಯುನಿಕೋಡ್ ಅಲ್ಲದ್ದಕ್ಕೆ. ಪರಿವರ್ತಕಕ್ಕೆ ಹಾಕ್ಬೇಕು. ಅದಕ್ಕೂ ಒಬ್ರು ನನಗೆ ಡಿಸ್ಟ್ರೋ ಬದಲಿಸಿ ಅಂದಿದ್ರು. ನಗಲೋ ಅಳಲೋ.

ತುಮಕೂರು ದಾಟಿತು. ಮಿಠಾಯಿ ಅರ್ಧ ಖಾಲಿ.

ಒಂದು ಸಹಾಯ ಬೇಕು. ಚಿಕ್ಕಪ್ಪನ ಹತ್ರ ಹದಿನೈದು ವರ್ಷದ ಹಳೇ ಲೇಸರ್ ಪ್ರಿಂಟರ್ ಇದೆ. ಯುಎಸ್‌ಬಿ ಸಿಕ್ಕಿಸಿದ್ರೆ ಎಲ್‌ಎಸ್‌ಯುಎಸ್‌ಬಿ ಅನ್ನೋ ಆಜ್ಞೆಯಲ್ಲಿ ಹೆಸರು ಕಾಣತ್ತೆ, ಕಪ್ಸಲ್ಲಿ ಸಾಲಿಗೆ ನಿಲ್ಲತ್ತೆ, ಹಾಳೆ ಎಳ್ಕೊಳ್ಳಲ್ಲ. ಕಂಪನಿ ತನ್ನದೇ ಭಾಷೆ ಮಾತಾಡೋ ಜಾತಿಯ ಪ್ರಿಂಟರ್ ಅದು, ಸಾಮಾನ್ಯ ಡ್ರೈವರಿಗೆ ಬಗ್ಗಲ್ಲ. ಇಂಥ ಪ್ರಿಂಟರನ್ನ ಪಳಗಿಸಿದೋರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ, ಮಾಡೆಲ್ ನಂಬರ್ ಮತ್ತೆ ಎರರ್ ಲಾಗ್ ಕಳಿಸ್ತೀನಿ. ಡಿಸ್ಟ್ರೋ ಹೆಸರು ಹೇಳೋಕೆ ಬರೋರು ದಯವಿಟ್ಟು ಬೇಡ.