ಬಿಲ್ ಪಾಸ್ ಮಾಡಿ, ಆಮೇಲೆ ತರಬೇತಿ ಕೊಡಿ

ನಿನ್ನೆ ಮತ್ತೆ ಫೋನ್ ಬಂತು. ಹಳ್ಳಿಯ ಸಣ್ಣ ಉದ್ಯಮಿಗಳಿಗೆ ಮೂರು ದಿನದ ತರಬೇತಿ ಇದೆ, ತಪ್ಪದೆ ಬನ್ನಿ ಮೇಡಂ ಅಂತ. ಬರಲ್ಲ ಅಂದುಬಿಟ್ಟೆ. ಇದು ಐದನೆಯದು. ನಾಲ್ಕು ಸರ್ಟಿಫಿಕೇಟ್ ಆಗಲೇ ಬೀರುವಿನಲ್ಲಿವೆ. ಅವುಗಳ ಕೆಳಗೇ ಒಂದು ಬಿಲ್ಲಿನ ನಕಲೂ ಇದೆ. ಹಿಂದಿನ ತರಬೇತಿಗೆ ಬಂದವರಿಗೆ ಹಂಚಲು ಇದೇ ಕಚೇರಿಯವರು ನಮ್ಮ ಹತ್ತಿರ ಹೊಲಿಸಿಕೊಂಡ ಇನ್ನೂರು ಬಟ್ಟೆ ಚೀಲಗಳ ಬಿಲ್ಲು. ಚೀಲ ಕೊಟ್ಟು ನಾಲ್ಕು ತಿಂಗಳಾಯಿತು. ಕೇಳಿದರೆ, "ಮೇಡಂ, ಅದು ಬೇರೆ ಸೆಕ್ಷನ್" ಅಂತಾರೆ.

ಹೊಟ್ಟೆ ಉರಿಯಲ್ವಾ?

ನಾಲ್ಕು ತಿಂಗಳು ಅಂದರೆ ಏನು ಅಂತ ಹೇಳ್ತೀನಿ ಕೇಳಿ. ಬಟ್ಟೆ ತಂದಿದ್ದು ಸಾಲದಲ್ಲಿ. ಅಂಗಡಿಯವರು ಒಂದು ತಿಂಗಳು ಸುಮ್ಮನಿರುತ್ತಾರೆ, ಆಮೇಲೆ ಬಡ್ಡಿ ಹಾಕುತ್ತಾರೆ. ಹೊಲಿಯುವ ಮೂವರಿಗೆ ಶನಿವಾರ ಬಂದರೆ ಕೂಲಿ ಕೊಡಲೇಬೇಕು. ಅದಕ್ಕೆ ಇನ್ನೊಂದು ಕೈಸಾಲ. ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತೆ, ಕೈಯಲ್ಲಿ ಕಾಸಿಲ್ಲ. ದೊಡ್ಡ ಕಂಪನಿ ಆರು ತಿಂಗಳು ಕಾಯಬಹುದು. ನಾವು ಕಾಯುವಷ್ಟರಲ್ಲಿ ಬಾಗಿಲು ಹಾಕಿಕೊಳ್ಳಬೇಕಾಗುತ್ತೆ.

ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ 30 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ ಯುರೋಪಿಯನ್ ಒಕ್ಕೂಟ 2011ರಲ್ಲೇ ನಿಯಮ ಮಾಡಿದೆ. ನಿಯಮ ಬೇಕು ನಿಜ. ಆದರೆ ಹಳ್ಳಿಯಲ್ಲಿ ಗಿರಾಕಿ ಇರುವುದೇ ಒಬ್ಬರೋ ಇಬ್ಬರೋ. ಅವರ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಅದು ಅವರಿಗೂ ಗೊತ್ತು. ಅದಕ್ಕೇ ಇಷ್ಟು ಸಸಾರ.

ಬ್ಯಾಂಕಿಗೆ ಹೋದರೆ ಜಮೀನಿನ ಪತ್ರ ತನ್ನಿ ಅಂತಾರೆ. ಹೊಲಿಗೆ ಮಿಷನ್ ನನ್ನದು, ಆರ್ಡರ್ ನನ್ನದು, ದುಡಿಮೆ ನನ್ನದು. ಜಮೀನು ಮಾತ್ರ ನನ್ನ ಹೆಸರಲ್ಲಿಲ್ಲ. ಎಷ್ಟು ಹೆಂಗಸರ ಹೆಸರಲ್ಲಿ ಇರುತ್ತೆ ಹೇಳಿ? ಊರಿನವರು ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ಪಡೆಯುವ ಸಂಘವನ್ನು ಜರ್ಮನಿಯಲ್ಲಿ ರೈಫೈಸನ್ ಅನ್ನುವವರು 1864ರಲ್ಲೇ ಕಟ್ಟಿದರು. ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ 1976ರಲ್ಲಿ 42 ಜನರಿಗೆ ಕೊಟ್ಟಿದ್ದು ಒಟ್ಟು 27 ಡಾಲರ್, ಅದೂ ತಮ್ಮ ಜೇಬಿನಿಂದ. ಅಡಮಾನ ಕೇಳಲಿಲ್ಲ. ಆ ದೇಶದ ಗ್ರಾಮೀಣ ಬ್ಯಾಂಕ್ ಬೆಳೆದಿದ್ದು ಅಲ್ಲಿಂದಲೇ. ದಾರಿ ಯಾವತ್ತೋ ಗೊತ್ತಾಗಿದೆ. ಆದರೂ ನಮಗೆ ಸಿಗುವುದು "ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ" ಅನ್ನೋ ಭಾಷಣ.

ಕರೆಂಟಿನ ಕಥೆ ಬೇರೆ. ಹೊಲಿಗೆ ಅರ್ಧದಲ್ಲಿರುವಾಗ ಹೋಗುತ್ತೆ. ಸೂಜಿ ಬಟ್ಟೆಯೊಳಗೇ ನಿಂತಿರುತ್ತೆ. ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿ ಮೇಲೆತ್ತಿ, ದಾರ ಕತ್ತರಿಸಿ, ಕೈಕಟ್ಟಿ ಕೂರಬೇಕು. ಆ ಹೊತ್ತಿನ ಕೂಲಿಯೂ ನಮ್ಮ ತಲೆ ಮೇಲೇ.

ನಮಗೆ ಕೆಲಸ ಬರುತ್ತೆ. ಲೆಕ್ಕವೂ ಬರುತ್ತೆ. ಚೀಲ ಚೆನ್ನಾಗಿದೆ ಅಂತ ಅವರೇ ಹೊಗಳಿದ್ದಾರೆ, ವೇದಿಕೆ ಮೇಲೆ ಎತ್ತಿ ತೋರಿಸಿ ಚಪ್ಪಾಳೆ ಹೊಡೆಸಿದ್ದಾರೆ. ಆ ಚಪ್ಪಾಳೆ ತಗೊಂಡು ಶನಿವಾರ ಕೂಲಿ ಕೊಡೋಕಾಗುತ್ತಾ?

ನಾಳೆ ಬೆಳಿಗ್ಗೆ ಬಿಲ್ಲಿನ ನಕಲು ಹಿಡಿದು ಮತ್ತೆ ಆ ಕಚೇರಿಗೆ ಹೋಗುತ್ತೇನೆ. ಹೊಲಿಯುವ ಆ ಮೂವರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಹಣ ಯಾವತ್ತು ಕೊಡ್ತೀವಿ ಅಂತ ಬರೆದು, ಸಹಿ ಹಾಕಿ ಕೊಡುವವರೆಗೆ ಅಲ್ಲಿಂದ ಏಳುವುದಿಲ್ಲ.