ಹಳದಿ ಗೆರೆ ಯಾರಿಗಾಗಿ ಜಾಗ ಕಾಯುತ್ತದೆ?

ನಮ್ಮ ಬೆಳಗಾವಿ ಕಡೆಯಿಂದ ಇಂಗ್ಲೆಂಡಿಗೆ ಓದಲು, ಕೆಲಸಕ್ಕೆ ಬರುವ ಹುಡುಗರಿಗೆ ಇಲ್ಲಿ ಕಾರು ಓಡಿಸುವುದು ದೊಡ್ಡ ಕಷ್ಟವಲ್ಲ. ಇಲ್ಲಿಯೂ ಎಡಬದಿಯಲ್ಲೇ ಹೋಗಬೇಕು, ಸ್ಟೇರಿಂಗ್ ಬಲಕ್ಕೇ ಇರುತ್ತದೆ. ಖಡೇಬಜಾರಿನ ಗದ್ದಲದಲ್ಲಿ ಗಾಡಿ ಹೊಡೆದವರಿಗೆ ಇಲ್ಲಿನ ರಸ್ತೆ ಹೆದರಿಕೆ ಹುಟ್ಟಿಸುವುದಿಲ್ಲ. ಇಲ್ಲಿ ನೆಲೆಸಿದ ಮೇಲೆ ಊರಿನ ಲೈಸೆನ್ಸ್ ಮೇಲೆ 12 ತಿಂಗಳು ಓಡಿಸಬಹುದು. ಆಮೇಲೆ ಇಲ್ಲಿನದೇ ಲೈಸೆನ್ಸ್ ಬೇಕು, ಅದಕ್ಕೆ ಮೊದಲು ಥಿಯರಿ ಟೆಸ್ಟ್ ಪಾಸಾಗಬೇಕು. 57 ನಿಮಿಷಕ್ಕೆ 50 ಪ್ರಶ್ನೆ, ಅದರಲ್ಲಿ 43 ಸರಿಯಾಗಬೇಕು. ವಿಡಿಯೋ ನೋಡಿ ಅಪಾಯ ಗುರುತಿಸುವ ಇನ್ನೊಂದು ಭಾಗವೂ ಇದೆ. ಕೆಲವರ ತಯಾರಿಗೆ ನಾನು ಜೊತೆ ಕೂತಿದ್ದೇನೆ. ಹೆಚ್ಚಿನವರು ಎಡವುವುದು ಹಳದಿ ಗೆರೆಗಳ ಹತ್ತಿರ.

ಇದಕ್ಕೆ ಕಾರಣ ದಡ್ಡತನ ಅಲ್ಲ. ನಮ್ಮ ಕಣ್ಣು ಬೇರೆ ರೀತಿ ಪಳಗಿದೆ. ನಮ್ಮಲ್ಲಿ ಹಳದಿ ಗೆರೆ ಅಂದರೆ ಮೊದಲು ನೆನಪಾಗುವುದು ರಸ್ತೆಯ ನಡುವಿನ ಗೆರೆ. ಮುಂದಿನ ಗಾಡಿಯನ್ನು ಹಿಂದೆ ಹಾಕುವಾಗ ಆ ಗೆರೆ ದಾಟಬಾರದು ಅಂತ 1989ರ ರಸ್ತೆ ನಿಯಮಗಳಲ್ಲೇ ಇತ್ತು. ಅಮೆರಿಕದಲ್ಲಿರುವ ಕನ್ನಡಿಗರಿಗೂ ಎದುರುಬದುರು ಬರುವ ವಾಹನಗಳನ್ನು ಬೇರೆ ಮಾಡುವುದು ಹಳದಿ ಗೆರೆಯೇ. ಬ್ರಿಟನ್‌ನಲ್ಲಿ ಆ ಕೆಲಸ ಬಿಳಿ ಬಣ್ಣದ್ದು. ಇಲ್ಲಿ ಹಳದಿ ಹೆಚ್ಚಾಗಿ ಒಂದೇ ವಿಷಯ ಹೇಳುತ್ತದೆ: ಎಲ್ಲಿ ನಿಲ್ಲಬಾರದು. ಇಷ್ಟು ತಲೆಗೆ ಹೋದರೆ ಅರ್ಧ ಪಾಠ ಮುಗಿಯಿತು.

ಉಳಿದ ಅರ್ಧಕ್ಕೆ ನಾನು ಹುಡುಗರಿಗೆ ಹೇಳುವುದು ಇಷ್ಟೇ. ಸುಮ್ನೆ ಬಾಯಿಪಾಠ ಮಾಡಬೇಡಿ. ಹಳದಿ ಕಂಡಲ್ಲೆಲ್ಲ ಕೇಳಿಕೊಳ್ಳಿ, ಈ ಜಾಗ ಖಾಲಿ ಇರುವುದು ಯಾರಿಗೆ ಬೇಕು?

ರಸ್ತೆಯ ಅಂಚಿಗೆ ಜೋಡಿ ಹಳದಿ ಗೆರೆ ಇದ್ದರೆ ಹಗಲು ರಾತ್ರಿ ಯಾವಾಗಲೂ ಗಾಡಿ ನಿಲ್ಲಿಸುವ ಹಾಗಿಲ್ಲ. ಪಕ್ಕದಲ್ಲಿ ಬೋರ್ಡ್ ಇರಲೇಬೇಕು ಅಂತೇನಿಲ್ಲ, ಗೆರೆಯೇ ಸಾಕು. ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದರೂ ತಪ್ಪೇ. ಏಕೆಂದರೆ ನಿಯಮ ಫುಟ್‌ಪಾತಿಗೂ ಅನ್ವಯ. ಒಂಟಿ ಗೆರೆ ಇದ್ದರೆ ಹೊತ್ತಿನ ಲೆಕ್ಕ ಬರುತ್ತದೆ. ಯಾವ ಹೊತ್ತು ಅನ್ನುವುದು ಹತ್ತಿರದ ಸಣ್ಣ ಬೋರ್ಡಿನಲ್ಲಿರುತ್ತದೆ. ಕೆಲವು ಬಡಾವಣೆಗಳಲ್ಲಿ ಆ ಬೋರ್ಡ್ ಒಳಗೆ ಬರುವ ದಾರಿಯಲ್ಲಿ ಮಾತ್ರ ಇರುತ್ತದೆ, ಗೆರೆಯ ಹತ್ತಿರ ಹುಡುಕಿದರೆ ಸಿಗುವುದಿಲ್ಲ. ಹೊಸಬರು ದಂಡ ಕಟ್ಟುವುದು ಜಾಸ್ತಿ ಇಂಥಲ್ಲೇ. ಈ ವಿಷಯದಲ್ಲಿ ನನಗೆ ಇಲ್ಲಿನ ಪದ್ಧತಿ ಸರಿ ಅನಿಸುವುದಿಲ್ಲ. ದಂಡ ಹಾಕುವ ನಿಯಮ ಗಾಡಿ ನಿಲ್ಲಿಸುವವನ ಕಣ್ಣಿಗೆ ಬೀಳುವಂತಿರಬೇಕು.

ಇದರ ಜೊತೆ ಫುಟ್‌ಪಾತ್ ಕಟ್ಟೆಯ ಅಂಚಿಗೆ ಅಡ್ಡಲಾಗಿ ಸಣ್ಣ ಹಳದಿ ಗೀಟುಗಳೂ ಇರುತ್ತವೆ. ಅವು ಸರಕು ಇಳಿಸುವವರಿಗೆ. ಎರಡು ಗೀಟು ಇದ್ದರೆ ಸರಕು ಇಳಿಸುವುದೂ ಯಾವಾಗಲೂ ನಿಷಿದ್ಧ. ಒಂದೇ ಇದ್ದರೆ ಬೋರ್ಡಿನಲ್ಲಿ ಹೇಳಿದ ಹೊತ್ತಿನಲ್ಲಿ ಮಾತ್ರ ನಿಷಿದ್ಧ. ಗೀಟೇ ಇಲ್ಲದಿದ್ದರೆ ಜೋಡಿ ಗೆರೆಯ ಮೇಲೂ ಸರಕು ಇಳಿಸಲು, ಜನರನ್ನು ಇಳಿಸಿ ಹತ್ತಿಸಿಕೊಳ್ಳಲು ಸಾಮಾನ್ಯವಾಗಿ ನಿಲ್ಲಬಹುದು. ಅಂಗವಿಕಲರ ನೀಲಿ ಬ್ಯಾಡ್ಜ್ ಇದ್ದವರು ಅಂಥ ಜಾಗದಲ್ಲಿ ಇಂಗ್ಲೆಂಡಿನಲ್ಲಿ 3 ಗಂಟೆವರೆಗೆ ನಿಲ್ಲಿಸಬಹುದು. ಗೆರೆ ಬರೀ ತಡೆಯುವುದಿಲ್ಲ, ಯಾರ ಅಗತ್ಯ ದೊಡ್ಡದು ಅಂತ ತೂಗಿಯೂ ನೋಡುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ.

ನಮ್ಮ ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಅಥವಾ ಮಾರುತಿ ಗಲ್ಲಿಯಲ್ಲಿ ಹೀಗೊಂದು ಲೆಕ್ಕ ಇದ್ದಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು! ಅಂಗಡಿಗೆ ಮಾಲು ಬರಲೇಬೇಕು, ಟೆಂಪೋ ನಿಲ್ಲಲೇಬೇಕು. ಅದರ ಪಕ್ಕದಲ್ಲೇ ಯಾರೋ ಬೈಕ್ ಹಚ್ಚಿ 'ಎರಡ ಮಿನಿಟಿನ್ಯಾಗ ಬರ್ತೀನ್ರಿ' ಅಂತ ಒಳಗೆ ಹೋಗುತ್ತಾರೆ. ನಿಜವಾಗಿ ಜಾಗ ಬೇಕಾದವರಿಗೂ ಬೇಡವಾದವರಿಗೂ ಅಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಪೊಲೀಸರು ಬಂದರೆ ಇಬ್ಬರನ್ನೂ ಒಂದೇ ಮಾತಿನಲ್ಲಿ ಓಡಿಸುತ್ತಾರೆ. ಬೆಳಿಗ್ಗೆ ಇಂತಿಷ್ಟು ಹೊತ್ತು ಮಾಲಿನ ಗಾಡಿಗೆ, ಉಳಿದ ಹೊತ್ತು ನಡೆದು ಹೋಗುವವರಿಗೆ ಅಂತ ಗೆರೆ ಎಳೆದು, ಕನ್ನಡದಲ್ಲೂ ಮರಾಠಿಯಲ್ಲೂ ಬೋರ್ಡ್ ಹಾಕಿದರೆ ವ್ಯಾಪಾರಿಗಳೇ ಅದನ್ನು ಕಾಯುತ್ತಾರೆ ಅನ್ನುವ ನಂಬಿಕೆ ನನಗಿದೆ.

ಶಾಲೆಯ ಮುಂದಿನ ಹಳದಿ ಅಂಕುಡೊಂಕು ಗೆರೆಗೆ ಹೆಚ್ಚು ವಿವರಣೆ ಬೇಡ. ಬೋರ್ಡಿನಲ್ಲಿ ಬರೆದ ಹೊತ್ತಿನಲ್ಲಿ ಅಲ್ಲಿ ನಿಲ್ಲುವಂತಿಲ್ಲ, ನಿಮ್ಮ ಮಗುವನ್ನು ಇಳಿಸಲು ಕೂಡ. ನಿಂತ ಕಾರಿನ ಹಿಂದಿನಿಂದ ಸಣ್ಣ ಮಗು ರಸ್ತೆಗೆ ಬಂದರೆ ಓಡಿಸುವವನಿಗೆ ಕಾಣುವುದಿಲ್ಲ, ಅಷ್ಟೇ ಕಾರಣ. ಬೆಳಗಾವಿ ಕ್ಯಾಂಪಿನ ಶಾಲೆಗಳು ಬಿಡುವ ಹೊತ್ತಿಗೆ ಗೇಟಿಗೆ ಅಂಟಿಕೊಂಡೇ ನಿಲ್ಲುವ ಆಟೋ, ವ್ಯಾನ್, ಸ್ಕೂಟರ್ ನೆನೆದರೆ ನನಗೆ ಈಗಲೂ ಎದೆ ನಡುಗುತ್ತದೆ. ಶಾಲೆಯ, ಆಸ್ಪತ್ರೆಯ ಬಾಗಿಲ ಹತ್ತಿರ ಗಾಡಿ ನಿಲ್ಲಿಸಬಾರದು ಅಂತ ನಮ್ಮ 1989ರ ನಿಯಮದಲ್ಲೂ ಬರೆದಿತ್ತು. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಗೇಟಿನ ಮುಂದೆ ನೆಲದ ಮೇಲೂ ಕಾಣಬೇಕು.

ಇನ್ನು ಹಳದಿ ಚೌಕ. ಥಿಯರಿ ಟೆಸ್ಟಿನಲ್ಲಿ ಬಹಳ ಸಲ ಬರುವ ಗುರುತು ಇದು, ನನಗೆ ಅತಿ ಹೆಚ್ಚು ಇಷ್ಟವಾದದ್ದೂ ಇದೇ. ಕೂಡುರಸ್ತೆಯ ನಡುವೆ ಹಳದಿ ಗೆರೆಗಳನ್ನು ಓರೆಯಾಗಿ ಬಲೆಯಂತೆ ಎಳೆದಿರುತ್ತಾರೆ. ಆಚೆ ಹೋಗುವ ದಾರಿ ಖಾಲಿ ಇದ್ದರೆ ಮಾತ್ರ ಒಳಗೆ ಹೋಗಬೇಕು. ಸಿಗ್ನಲ್ ಹಸಿರಿದ್ದರೂ ಇದೇ ನಿಯಮ. ಇದಕ್ಕೆ ಒಂದು ವಿನಾಯಿತಿ ಇದೆ, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ನೀವು ಬಲಕ್ಕೆ ತಿರುಗಬೇಕು, ಆ ರಸ್ತೆ ಖಾಲಿ ಇದೆ, ಎದುರಿನಿಂದ ಬರುವ ವಾಹನಗಳು ಅಥವಾ ನಿಮ್ಮಂತೆ ಬಲಕ್ಕೆ ತಿರುಗಲು ಕಾದವರು ಮಾತ್ರ ಅಡ್ಡಿ. ಆಗ ಚೌಕದೊಳಗೆ ಕಾಯಬಹುದು. ಲಂಡನ್ನಿನಲ್ಲಿ ಪ್ರಯೋಗ ಮಾಡಿ ನೋಡಿ, 1967ರಲ್ಲಿ ಇದನ್ನು ದೇಶಕ್ಕೆಲ್ಲ ತಂದರು. ಬಹಳ ವರ್ಷ ಲಂಡನ್ನಿನ ಹೊರಗೆ ಇಂಗ್ಲೆಂಡಿನ ನಗರಸಭೆಗಳು ಇದಕ್ಕೆ ದಂಡ ಹಾಕುವಂತಿರಲಿಲ್ಲ. 2022ರ ಮೇ ಕೊನೆಯಿಂದ ಅರ್ಜಿ ಹಾಕಿ ಆ ಅಧಿಕಾರ ಪಡೆಯಬಹುದು.

ಇಲ್ಲಿ ರೈಲ್ವೆ ಗೇಟುಗಳ ಮೇಲೂ ಹಳದಿ ಚೌಕ ಹಾಕುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬೆಳಗಾವಿಯ ಟಿಳಕವಾಡಿಯ ರೈಲ್ವೆ ಗೇಟ್ ನೆನಪಾಗುತ್ತದೆ. ಗೇಟ್ ಬೀಳುತ್ತದೆ. ಮೊದಲು ಬಂದವರು ಎಡಕ್ಕೆ ನಿಲ್ಲುತ್ತಾರೆ. ಹಿಂದಿನಿಂದ ಬಂದ ಬೈಕಿನವರು ಬಲಗಡೆ ತುಂಬಿಕೊಳ್ಳುತ್ತಾರೆ, ಅವರ ಹಿಂದೆ ಕಾರು. ಆಚೆ ಕಡೆಯೂ ಹೀಗೆಯೇ. ರೈಲು ಹೋಗಿ ಗೇಟ್ ಎದ್ದಾಗ ಎರಡು ಗುಂಪು ಹಳಿಯ ಮೇಲೆ ಮುಖಾಮುಖಿ! ಕಾಂಗ್ರೆಸ್ ರಸ್ತೆಯ ವಾಹನಗಳೂ ಅದಕ್ಕೇ ಸೇರಿಕೊಂಡರೆ ಮುಗಿಯಿತು. ಅಲ್ಲಿ ನಿಂತವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಕೆಲಸವಿದೆ, ಮನೆಯಲ್ಲಿ ಕಾಯುವವರಿದ್ದಾರೆ. ಆದರೆ ಬಲಗಡೆಯ ಅರ್ಧ ರಸ್ತೆ ಎದುರಿನಿಂದ ಬರುವವರದ್ದು ಅನ್ನುವುದನ್ನು ನೆನಪಿಸಲು ಅಲ್ಲಿ ಏನಾದರೂ ಬೇಕು. ಗೇಟ್ ಹತ್ತಿರ ಬರುವಾಗ ನಡುವೆ ಡಿವೈಡರ್, ಹಳಿಯ ಮೇಲೆ ಚೌಕ, 'ಆಚೆ ಜಾಗ ಇದ್ದರೆ ಮಾತ್ರ ಮುಂದೆ ಬನ್ನಿ' ಅಂತ ಎರಡೂ ಭಾಷೆಯಲ್ಲಿ ಬೋರ್ಡ್. ಇಷ್ಟಕ್ಕೆ ಮೇಲ್ಸೇತುವೆಯ ಖರ್ಚು ಬರುವುದಿಲ್ಲ. ಮೊದಲ ಕೆಲವು ವಾರ ಇಬ್ಬರು ಪೊಲೀಸರು ನಿಂತು ಹೇಳಿಕೊಟ್ಟರೆ ಜನ ಕಲಿಯುತ್ತಾರೆ. ಇದೇ ಜನ ಇಲ್ಲಿಗೆ ಬಂದ ತಿಂಗಳಲ್ಲೇ ಚೌಕದ ಮುಂದೆ ತಾಳ್ಮೆಯಿಂದ ನಿಲ್ಲುತ್ತಾರಲ್ಲ!

ಹಳದಿ ಚೌಕಕ್ಕೆ ಭಾರತದ ರಸ್ತೆ ಗುರುತುಗಳ ಮಾನದಂಡದಲ್ಲೂ ಜಾಗ ಇದೆ. ನಮ್ಮಲ್ಲಿ ಕಲಿಕಾ ಲೈಸೆನ್ಸ್ ಪರೀಕ್ಷೆಗೆ ಹೋಗುವವರು ಬೋರ್ಡುಗಳ ಚಿತ್ರ ನೋಡಿಕೊಂಡು ಹೋಗುತ್ತಾರೆ, ನೆಲದ ಮೇಲಿನ ಗುರುತುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಕಡಿಮೆ. ಅಲ್ಲಿಯೂ ಚೌಕದ ಚಿತ್ರ ಕೊಟ್ಟು 'ಇಲ್ಲಿ ಯಾವಾಗ ಕಾಯಬಹುದು?' ಅಂತ ಕೇಳಬೇಕು. ಉತ್ತರದ ಜೊತೆ ಕಾರಣವನ್ನೂ ಕಲಿಸಬೇಕು.

ಬಣ್ಣದ ಬಗ್ಗೆಯೂ ಒಂದು ಮಾತು. ಬೆಳಗಾವಿಯ ಮಳೆ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಸಾದಾ ಬಣ್ಣ ಬಳಿದರೆ ಜೂನ್ ಕಳೆಯುವಷ್ಟರಲ್ಲಿ ಮಾಸುತ್ತದೆ, ಅರ್ಧ ಅಳಿಸಿದ ಗೆರೆಗೆ ಯಾರೂ ಬೆಲೆ ಕೊಡುವುದಿಲ್ಲ. ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್ ಗೆರೆಗೆ ಗಾಜಿನ ಸಣ್ಣ ಮಣಿ ಬೆರೆಸಿರುತ್ತಾರೆ. ಅದು ಹೆಚ್ಚು ದಿನ ಬಾಳುತ್ತದೆ, ರಾತ್ರಿ ಹೆಡ್‌ಲೈಟಿಗೆ ಹೊಳೆಯುತ್ತದೆ. ಒಣ ರಸ್ತೆಯ ಮೇಲೆಯೇ ಅದನ್ನು ಹಾಕಬೇಕು. ಹಾಗಾಗಿ ದೀಪಾವಳಿ ಮುಗಿದ ಮೇಲಿನ ತಿಂಗಳುಗಳೇ ಇದಕ್ಕೆ ಸರಿ. ನನ್ನನ್ನು ಕೇಳಿದರೆ ಮೊದಲು ಶಾಲೆಯ ಗೇಟುಗಳು, ಆಮೇಲೆ ಟಿಳಕವಾಡಿ, ಆಮೇಲೆ ಚನ್ನಮ್ಮ ವೃತ್ತ.