ಎಚ್‌ಆರ್ ಬರೆದದ್ದು, ಬಸ್ಸು ಓದಿದ್ದು

ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ಗಳಲ್ಲಿ ಬೆಳಗ್ಗೆ ನೋಟೀಸ್ ಬೋರ್ಡಿಗೆ ಅಂಟಿಸಿದ ಸುತ್ತೋಲೆಯ ಅರ್ಥ ಗೊತ್ತಾಗುವುದು ಸಂಜೆಗೆ. ಹೇಳುವುದು ಎಚ್‌ಆರ್ ಮ್ಯಾನೇಜರ್ ಅಲ್ಲ; ಚನ್ನರಾಯಪಟ್ಟಣ, ಆಲೂರು, ಹೊಳೆನರಸೀಪುರದ ಕಡೆ ಹೊರಡುವ ಕಂಪನಿ ಬಸ್ಸಿನ ಹಿಂದಿನ ಸೀಟು. ಅಲ್ಲಿ ಎಂಬಿಎ ಮಾಡಿದವರು ಒಬ್ಬರೂ ಇಲ್ಲ. ಪೇ ಸ್ಲಿಪ್ ಓದಲು ಬಾರದವರೂ ಒಬ್ಬರೂ ಇಲ್ಲ.

ಮುಖ ಗುರುತಿಸುವ ಹಾಜರಿ ಯಂತ್ರವನ್ನೇ ತಗೊಳ್ಳಿ. ಸುತ್ತೋಲೆಯ ಪ್ರಕಾರ ಅದು ‘ನಿಮ್ಮ ಸುರಕ್ಷತೆಗಾಗಿ’. 600 ಜನ, 2 ಯಂತ್ರ, ಮುಖಕ್ಕೆ 4 ಸೆಕೆಂಡು ಅಂತ ಇಟ್ಟುಕೊಂಡರೆ ಸಾಲು ಕರಗಲು 20 ನಿಮಿಷ ಬೇಕು. ತಡವಾಗಿ ಬಂದವರಿಗೆ ರಿಯಾಯಿತಿ 10 ನಿಮಿಷ. ಬಸ್ಸುಗಳೆಲ್ಲ ಶಿಫ್ಟ್ ಹೊತ್ತಿಗೇ ಒಟ್ಟಿಗೆ ಬಂದು ನಿಲ್ಲುವುದರಿಂದ, ಗೇಟಿನ ಒಳಗೇ ನಿಂತಿದ್ದರೂ ಹಿಂದಿನ ಅರ್ಧ ಸಾಲು ದಾಖಲೆಯಲ್ಲಿ ತಡ. ಅರ್ಧ ದಿನದ ಸಂಬಳ ಕಟ್. ಡಿಸೆಂಬರ್ ಚಳಿಯಲ್ಲಿ ಮಂಕಿ ಕ್ಯಾಪ್ ತೆಗೆಯದೆ ನಿಂತರಂತೂ ಯಂತ್ರಕ್ಕೆ ಗುರುತೇ ಸಿಗುವುದಿಲ್ಲ. ಸಂಜೆ ಮಾತ್ರ ಅದೇ ಯಂತ್ರ ಭಾರೀ ಉದಾರಿ. 29 ನಿಮಿಷ ಹೆಚ್ಚಿಗೆ ದುಡಿದರೆ ಲೆಕ್ಕಕ್ಕೇ ಇಲ್ಲ, ಓಟಿ ಶುರುವಾಗುವುದು ಅರ್ಧ ಗಂಟೆ ತುಂಬಿದ ಮೇಲೆ. ಕಾನೂನು ಓಟಿಗೆ ದುಪ್ಪಟ್ಟು ಕೂಲಿ ಕೊಡಿ ಅನ್ನುತ್ತದೆ, ಕೈಗೆ ಬರುವುದು ‘ಕಾಂಪ್ ಆಫ್’, ಅಂದರೆ ದುಡ್ಡಿನ ಬದಲು ರಜೆ. ಅದೂ ಆರ್ಡರ್ ಇಲ್ಲದ ದಿನ ನೋಡಿ. ಯಾರ ಸುರಕ್ಷತೆ ಅಂತ ಬಸ್ಸು ಆಲೂರು ದಾಟುವ ಮೊದಲೇ ಇತ್ಯರ್ಥವಾಗಿರುತ್ತದೆ.

ಸಂಬಳದ ಕಥೆ ಇದಕ್ಕಿಂತ ಸೊಗಸು. ಸೇರುವಾಗ ‘ತಿಂಗಳಿಗೆ 18 ಸಾವಿರದ ಪ್ಯಾಕೇಜ್’ ಅನ್ನುತ್ತಾರೆ. ಬಿಡಿಸಿದರೆ ಮೂಲ ವೇತನ 15,000. ಅದರ ಮೇಲೆ ಕಂಪನಿ ಪಾಲಿನ ಭವಿಷ್ಯ ನಿಧಿ (ಪಿಎಫ್) 1,800, ಆರೋಗ್ಯ ವಿಮೆ (ಇಎಸ್‌ಐ) 488. ಕಾಯಂ ನೌಕರರಿಗೆ 5 ವರ್ಷ ತುಂಬಿದರೆ ಮಾತ್ರ ಕೈಸೇರುವ ಗ್ರ್ಯಾಚುಟಿಯ ಬಾಬ್ತು 722. ಆಮೇಲೆ ನೌಕರರ ಪಾಲಿನ ಪಿಎಫ್ 1,800, ಇಎಸ್‌ಐ 113 ಮುರಿದು ಬ್ಯಾಂಕಿಗೆ ಬೀಳುವುದು 13,087. ಲೆಕ್ಕದಲ್ಲಿ ಸುಳ್ಳೇನಿಲ್ಲ. ಆದರೆ ಮೊದಲ ತಿಂಗಳು ಎಟಿಎಂ ಮುಂದೆ ನಿಂತ ಹುಡುಗಿಗೆ ಕಾಣುವುದು ಹೋದ ಐದು ಸಾವಿರ ಮಾತ್ರ. ಅದನ್ನು ಸೇರುವ ದಿನವೇ ಕಾಗದದ ಮೇಲೆ ಬಿಡಿಸಿ ತೋರಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕಂಪನಿಯ ಧ್ಯೇಯಗೀತೆಗೆ ಮೀಸಲು.

ಬಸ್ಸಿನ ವಿದ್ಯೆಗೆ ವಿದ್ವಾಂಸರ ಮುದ್ರೆಯೂ ಬಿದ್ದಿದೆ. 2008ರಲ್ಲಿ ಲೀಸಾ ನಿಶೀ ಮತ್ತಿಬ್ಬರು ಅಮೆರಿಕದ ಸೂಪರ್‌ಮಾರ್ಕೆಟ್ ನೌಕರರನ್ನು ವಿಚಾರಿಸಿ ಪ್ರಬಂಧ ಬರೆದರು. ಒಂದೇ ನಿಯಮ ಒಬ್ಬರಿಗೆ ‘ನಮ್ಮ ಒಳ್ಳೆಯದಕ್ಕೆ’ ಮಾಡಿದ್ದಾಗಿ ಕಂಡರೆ, ಇನ್ನೊಬ್ಬರಿಗೆ ‘ಖರ್ಚು ಉಳಿಸೋಕೆ, ನಮ್ಮನ್ನ ಹಿಂಡೋಕೆ’ ಮಾಡಿದ್ದಾಗಿ ಕಾಣುತ್ತದೆ; ಕೆಲಸದ ಮೇಲಿನ ನಿಷ್ಠೆ, ನೆಮ್ಮದಿ ಎರಡೂ ಆ ‘ಯಾಕೆ’ಯ ಬೆನ್ನು ಹಿಡಿದು ಹೋಗುತ್ತವೆ. ‘ಯೂನಿಯನ್ನಿಗೆ ಹೆದರಿ ಮಾಡಿದ್ದು’ ಅನ್ನಿಸಿದರೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ಈ ‘ಯಾಕೆ’ ಸುತ್ತೋಲೆಯಲ್ಲಿ ಸಿಗುವುದಿಲ್ಲ, ಸೂಪರ್‌ವೈಸರ್ ಹತ್ತಿರ ಸಿಗುತ್ತದೆ. ರಜೆ ನಿಯಮ ಒಂದೇ. ಮೂರನೇ ಹೊಲಿಗೆ ಲೈನಿನಲ್ಲಿ ಮಗುವಿಗೆ ಜ್ವರ ಅಂದರೆ ರಜೆ, ನಾಲ್ಕನೇ ಲೈನಿನಲ್ಲಿ ‘ಟಾರ್ಗೆಟ್ ಯಾರಪ್ಪ ಮುಗಿಸ್ತಾನೆ?’

ಜನ ಏನಂದುಕೊಂಡಿದ್ದಾರೆ ಅಂತ ತಿಳಿಯುವ ಹಂಬಲ ಎಚ್‌ಆರ್‌ಗೂ ಇದೆ. ಅದಕ್ಕೇ ಉದ್ಯೋಗಿ ತೃಪ್ತಿ ಸಮೀಕ್ಷೆ. ಸಂಪೂರ್ಣ ಗೌಪ್ಯ, ಹೆಸರು ಬರೆಯಬೇಕಿಲ್ಲ. ಲೈನ್ ನಂಬರು, ಶಿಫ್ಟು, ಗಂಡೋ ಹೆಣ್ಣೋ, ಎಷ್ಟು ವರ್ಷದ ಸೇವೆ, ಇಷ್ಟು ತುಂಬಿದರೆ ಸಾಕು. ಏಳನೇ ಲೈನಿನಲ್ಲಿ ಹತ್ತು ವರ್ಷ ದಾಟಿದ ಗಂಡು ಟೈಲರ್ ಇರುವುದೇ ಒಬ್ಬ, ಅವನಿಗೂ ಗೌಪ್ಯ! ಹತ್ತು ಜನಕ್ಕಿಂತ ಚಿಕ್ಕ ಗುಂಪಿನ ಉತ್ತರವನ್ನು ಬೇರೆ ಮಾಡಿ ತೋರಿಸಬೇಡಿ ಅಂತ ಒಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು. ಫಾರಂ ಹಂಚುವುದು ಸೂಪರ್‌ವೈಸರ್, ವಾಪಸ್ ಇಸಿದುಕೊಳ್ಳುವುದೂ ಅವರೇ, ‘ನನ್ನ ಮೇಲ್ವಿಚಾರಕರು ನನ್ನನ್ನು ಗೌರವಿಸುತ್ತಾರೆ’ ಅನ್ನುವ ಪ್ರಶ್ನೆಗೆ ಟಿಕ್ ಹಾಕುವಾಗ ಹೆಗಲ ಮೇಲಿಂದ ಬಗ್ಗಿ ನೋಡುವುದೂ ಅವರೇ. ಇನ್ನು ದಿನ ಯಾವುದು? ದೀಪಾವಳಿ ಬೋನಸ್ ಘೋಷಣೆಗೆ ಮುಂಚಿನ ವಾರ.

ಆಗ ಜನ ಒಂದು ಉಪಾಯ ಮಾಡುತ್ತಾರೆ. ಐದರಲ್ಲಿ ಐದು ಕೊಟ್ಟರೆ ಅತಿಯಾಯಿತು, ಮೂರು ಕೊಟ್ಟರೆ ಕರೆದು ಕೇಳುತ್ತಾರೆ, ಆದ್ದರಿಂದ ಮೇಲಿಂದ ಕೆಳಗಿನವರೆಗೆ ನಾಲ್ಕು. ‘ನನಗೆ ಕೆಲಸ ಬಿಡುವ ಯೋಚನೆ ಇದೆ’ ಅನ್ನುವ ಪ್ರಶ್ನೆಗೂ ನಾಲ್ಕೇ. ಒಂದೇ ಗೆರೆಯಲ್ಲಿ ಇಳಿದ ಫಾರಂಗಳನ್ನು ತೆಗೆದಿಟ್ಟು ಲೆಕ್ಕ ಹಾಕಬೇಕು ಅನ್ನುವುದು ಸಮೀಕ್ಷೆಯ ಮೊದಲ ಪಾಠ. ಇಲ್ಲಿ ಅವನ್ನೇ ಗ್ರಾಫ್ ಮಾಡಿ, ಕೇಕ್ ಕತ್ತರಿಸಿ, ಫೋಟೋ ಬೆಂಗಳೂರಿಗೆ ಕಳಿಸುತ್ತಾರೆ.

‘ಎಚ್‌ಆರ್ ಬಾಗಿಲು ಸದಾ ತೆರೆದಿದೆ’ ಅನ್ನುವ ಬೋರ್ಡೂ ಇದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆಯಾದರೂ ಖಂಡಿತ ತೆರೆಯುತ್ತದೆ.

ಅಷ್ಟಾಗಿಯೂ ಗ್ರಾಫಿನಲ್ಲಿ ‘ಸಂವಹನ’ದ ಕಂಬ ಸ್ವಲ್ಪ ಗಿಡ್ಡ ಬಂತು ಅನ್ನಿ. ಪರಿಹಾರ ಸಿದ್ಧವಿದೆ: ‘ಮುಕ್ತ ಸಂವಹನ’ ಕುರಿತು ಒಂದು ದಿನದ ತರಬೇತಿ, ಭಾನುವಾರ, ಹಾಜರಿ ಕಡ್ಡಾಯ. ಊಟದ ಡಬ್ಬಿ ಅವರವರೇ ತರಬೇಕು. ಓಟಿ ವಿಷಯ ತರಬಾರದು.